ವರ್ಲೀನಕ್ಕನ ಮೂರು ಮೆಟ್ಟಿಲು

ಭಾನುವಾರ ಚರ್ಚಿನಿಂದ ಮರಳಿದ ವರ್ಲೀನಕ್ಕ ತನ್ನ ಮನೆಯೆದುರು ನಿಂತು ಕೂಗಿಕೊಂಡಳು. ಬಾಗಿಲ ಮುಂದಿನ ಮೂರೂ ಅಮೃತಶಿಲೆಯ ಮೆಟ್ಟಿಲು ಮಂಗಮಾಯ! ಬಾಲ್ಟಿಮೋರಿನ ಆ ಬೀದಿಯಲ್ಲಿ ಶನಿವಾರ ಮೊಣಕಾಲೂರಿ ಮೆಟ್ಟಿಲುಜ್ಜುವುದೆಂದರೆ ಮನೆತನದ ಮರ್ಯಾದೆಯ ಮಾತು.

"ನಾಳೆ ಒಂಬತ್ತಕ್ಕೆ, ಸ್ವಂತ ಮನೆಯಿರೋ ಬಡವರಿಗೆ ಪುಕ್ಕಟೆ ರಿಪೇರಿ ಮಾಡ್ಕೊಡೋ ಸಂಘದವಳು ಮನೆ ನೋಡೋಕೆ ಬರ್ತಾಳೆ, ಒಜೆಲ್ಲಾ. ಮೆಟ್ಟಿಲೇ ಇಲ್ಲದ ಮನೆಗೆ ಹೊಸ ಸೂರು ಹಾಕ್ತಾರಾ? ಈ ಸಲ ತಪ್ಪಿದ್ರೆ ಸೋರೋ ಮನೇನ ಮಾರ್ಕೊಂಡು ಹೋಗ್ಬೇಕಷ್ಟೇ."

ಕೂಗು ಕೇಳಿ ಓಡಿಬಂದ ಒಜೆಲ್ಲಾ ಮೂವತ್ತು ವರ್ಷ ಆ ಬೀದಿಗೆ ಅಂಚೆ ಹಂಚಿ ನಿವೃತ್ತಳಾದವಳು. ಬೀದಿಯಲ್ಲಿ ಏನು ಕಳೆದರೂ ಜನ ಅವಳ ಬಾಗಿಲನ್ನೇ ತಟ್ಟುತ್ತಿದ್ದರು. ಅವಳ ಬಲಗೈಯಂತಿದ್ದ ಕ್ಷೌರಿಕ ಕ್ಲೋವಿಸ್ ಆಗಲೇ ತೋಳೇರಿಸಿದ್ದ. "ಮನೆ ಕೊಳ್ತೀನಂತ ಸುತ್ತೋ ಆ ದಲ್ಲಾಳೀದೇ ಕೆಲಸ!"

"ಸುಮ್ನಿರೋ ಮಾರಾಯ, ಮೊದಲು ಕಣ್ಬಿಟ್ಟು ನೋಡು."

ಮೆಟ್ಟಿಲಿದ್ದ ಕಡೆ ಯಾರೋ ಇಟ್ಟಿಗೆ ಜೋಡಿಸಿ ಹಲಗೆ ಹಾಸಿದ್ದರು. ಕಾಲು ಜಾರದಂತೆ ಅದರ ಮೇಲೆ ಗೋಣಿತಾಟು ಬಡಿದಿದ್ದರು. ಕೈಗಾಡಿಯ ಗಾಲಿಗುರುತಿನ ಜೊತೆಗೇ ಬಿಳಿ ಕಲ್ಲಿನ ಪುಡಿ ಹಿಂದಿನ ಓಣಿಯತ್ತ ಉದುರಿತ್ತು.

"ಇವತ್ತು ಚರ್ಚಲ್ಲಿ ಹಾಡೋರ ಸಾಲಲ್ಲಿ ಯಾರ ದನಿ ಇರ್ಲಿಲ್ಲ?" ಒಜೆಲ್ಲಾ ಕೇಳಿದಳು.

ಕ್ಲೋವಿಸ್ ತಲೆ ಕೆರೆದುಕೊಂಡ. "ಲೆಮ್ಯುಯೆಲಣ್ಣಂದು."

ಲೆಮ್ಯುಯೆಲ್ ಮುದಿ ಕಲ್ಲುಕುಟಿಗ, ವರ್ಲೀನಕ್ಕನ ಪಕ್ಕದ ಮನೆಯವನು. ಎರಡು ಮನೆಗೂ ಒಂದೇ ಗೋಡೆ. ಆ ಗೋಡೆಯ ತೇವ ಯಾರ ಕಡೆಯದೆಂದು ಜಗಳವಾಡಿ ಇಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಮೂವರೂ ಅವನ ಹಿತ್ತಲಿಗೆ ಹೋದರೆ ಮೆಟ್ಟಿಲುಗಳ ನಡುವೆ ಅವನು ಉಳಿ ಹಿಡಿದು ಕೂತಿದ್ದ.

ಒಜೆಲ್ಲಾ ಎಲ್ಲರನ್ನೂ ಅಲ್ಲೇ ಕೂರಿಸಿದಳು. "ಕಳ್ಳ ಯಾಕೆ ಹಲಗೆ ಹಾಸ್ತಾನೆ? ವರ್ಲೀನಕ್ಕ ಬೀಳಬಾರ್ದು ಅನ್ನೋನೇ ಹಾಸಿರ್ಬೇಕು. ಮಾರೋನಾಗಿದ್ರೆ ಕಲ್ಲು ಬೀದಿಲಿ ಲಾರಿ ಹತ್ತೋದು, ಹಿತ್ತಲಿಗೆ ಬರ್ತಿರ್ಲಿಲ್ಲ. ಚರ್ಚಿಗೆ ಬರದೆ ಇದ್ದೋನೂ ಇವನೇ, ಕಲ್ಲಿನ ಕೆಲಸದವನೂ ಇವನೇ. ಸವೆದ ಮೆಟ್ಟಿಲನ್ನ ಮಗುಚಿ ಕೂರಿಸಿದ್ರೆ ಹೊಸದಾಗುತ್ತೆ, ನಮ್ಮಪ್ಪನ ಕಾಲದಿಂದ ಮಾಡ್ತಿದ್ದದ್ದೇ. ದಿನಾ ಚರ್ಚು ಬಿಡೋದು ಮಧ್ಯಾಹ್ನ ಎರಡಕ್ಕೆ, ಅಲ್ಲೀವರೆಗೆ ಬಿಡುವಿದೆ ಅಂದ್ಕೊಂಡ. ಪಾದ್ರಿಗೆ ಗಂಟಲು ಕಟ್ಟಿ ಚರ್ಚು ಹನ್ನೊಂದಕ್ಕೇ ಬಿಟ್ಬಿಡ್ತು."

ಲೆಮ್ಯುಯೆಲ್ ತಲೆ ಎತ್ತಲಿಲ್ಲ. "ಗುಳಿಬಿದ್ದ ಮೆಟ್ಟಿಲು ಕಂಡ್ರೆ ಪಟ್ಟಿಯಿಂದ ಹೆಸರು ತೆಗೀತಾರೆ ಅಂತ ಹೆದರಿದೆ. ಕೇಳಿದ್ರೆ ನೀನು ಬೇಡ ಅಂತಿದ್ದೆ. ನೀನೂ ಹೋಗ್ಬಿಟ್ರೆ ಗೋಡೆ ಆಚೆ ನಂಗ್ಯಾರಿರ್ತಾರೆ, ವರ್ಲೀನ್?"

"ಮುದಿಗೂಬೆ, ಬಾಯಿಬಿಟ್ಟು ಹೇಳೋಕೇನಾಗಿತ್ತು?" ಎಂದವಳು ಅತ್ತೇಬಿಟ್ಟಳು. ಸಂಜೆಯೊಳಗೆ ಎಲ್ಲರೂ ಕೈಹಾಕಿ ಮೂರು ಮೆಟ್ಟಿಲನ್ನೂ ಕೂರಿಸಿದರು.

ಸೋಮವಾರ ಸಂಘದವಳು ಮೆಟ್ಟಿಲು ಹತ್ತಿ ಬಂದು, ಮನೆಯೆಲ್ಲ ನೋಡಿ, ಸೂರಿಗೆ ಒಪ್ಪಿಗೆ ಬರೆದಳು. ಅವಳು ಹೊರಟಾಗ ವರ್ಲೀನಕ್ಕ ತೋಳು ಹಿಡಿದು ನಿಲ್ಲಿಸಿದಳು.

"ಪಕ್ಕದ ಮನೇನೂ ಬರ್ಕೊಳಮ್ಮ. ಅದೂ ಸ್ವಂತದ್ದೇ, ಅದೂ ಸೋರುತ್ತೆ. ಅವನು ತಾನಾಗಿ ಕೇಳೋ ಪೈಕಿ ಅಲ್ಲ."