ಕೋಪದ ಕೈ

ಯುಗಾದಿ ಕಳೆದು, ಹಾಸುಗಲ್ಲಿನ ಮೇಲೆ ಬರಿಗಾಲಿಡಲಾಗದಷ್ಟು ಬಿಸಿಲು ಬಲಿತಿದ್ದ ಒಂದು ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ, ಕರಿಬಂಡಿ ಊರಿನ ದೂರು ಕೇಂದ್ರದ ಕಂಪ್ಯೂಟರ್ ಮೌಸು ಆರನೆಯ ಸಲ ಅದೇ ಮಾತು ಹೇಳಿತು.

“ನಿಮ್ಮ ಕೈ ಕೋಪದಲ್ಲಿದೆ. ಶಾಂತರಾಗಿ ಮತ್ತೆ ಬನ್ನಿ.”

ಹುಲಿಗೆಪ್ಪ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅರವತ್ತೆಂಟು ವರ್ಷದ ಕಲ್ಲುಕುಟಿಗ. ಊರಲ್ಲಿ ಎಲ್ಲಿ ಜಗಳ ಎದ್ದರೂ ಬಿಡಿಸಲು ಕರೆಯುತ್ತಿದ್ದುದು ಅವನನ್ನೇ. ಅಂಥವನಿಗೆ ಒಂದು ಮೌಸು ಆರು ಸಲ ಸಿಟ್ಟಿನವನೆಂದು ಹೇಳಿತ್ತು, ಅದೂ ಹತ್ತು ಜನರ ಮುಂದೆ.

ಆ ಮೌಸಿನ ಹೆಸರು ಶಾಂತಹಸ್ತ. ಜನ ಸಿಟ್ಟಿನಲ್ಲಿ ಬಂದು ಬೈಗುಳ ಬರೆಸುತ್ತಾರೆ, ಸುಳ್ಳು ದೂರು ಕೊಡುತ್ತಾರೆ ಎಂದು ಸರ್ಕಾರ ಬೇಸತ್ತಾಗ ಹುಟ್ಟಿದ ಸಾಧನ ಅದು. ಅದರ ಬೆನ್ನಿನ ಮೇಲೆ ಕಂಪನಗ್ರಾಹಿ ಎಂಬ ತೆಳ್ಳನೆಯ ಹಾಳೆ ಅಂಟಿಸಿರುತ್ತದೆ. ಸಿಟ್ಟು ಬಂದವರ ಅಂಗೈ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಹಾಳೆ ಆ ನಡುಕವನ್ನು ಅಳೆಯುತ್ತದೆ. ಮಿತಿ ಮೀರಿದರೆ ಮೌಸು ಆ ಮಾತು ಹೇಳಿ ಸತ್ತಂತೆ ಸುಮ್ಮನಾಗುತ್ತದೆ. ದೂರನ್ನು ಬಾಯಲ್ಲಿ ಹೇಳಿದರೂ ಪರದೆ ಬರೆದುಕೊಳ್ಳುತ್ತಿತ್ತು. ಆದರೆ ಒಪ್ಪಿಗೆಗೆ ದೂರುದಾರನೇ ಮೌಸಿನ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಬೇರೆಯವರ ಕೈ ನಡೆಯದು.

ಹುಲಿಗೆಪ್ಪನ ದೂರು ಗಣಿಯ ಕೊರೆಯಂತ್ರದ ಮೇಲೆ. ಅದನ್ನು ಹಿಡಿದು ಹಿಡಿದು ಅವನವೂ ಸೇರಿ ಗಣಿಯವರ ಬೆರಳುಗಳು ಬೆಳ್ಳಗಾಗಿ ಸತ್ತಿದ್ದವು. ತಣ್ಣೀರು ಬಿಸಿನೀರು ತಿಳಿಯುತ್ತಿರಲಿಲ್ಲ. ಅಂದು ಸಂಜೆ ಐದಕ್ಕೆ ಯಂತ್ರದ ಪರವಾನಗಿ ಇನ್ನು ಹತ್ತು ವರ್ಷಕ್ಕೆ ಮುಂದುವರಿಯಲಿತ್ತು. ಯಂತ್ರ ಹಿಡಿದು ಹಳಬರಾದವರ ಒಂದೇ ಒಂದು ದೂರು ಅಷ್ಟರೊಳಗೆ ದಾಖಲಾದರೆ ತಪಾಸಣೆ ಮುಗಿಯುವವರೆಗೆ ಅದು ನಿಲ್ಲುತ್ತಿತ್ತು. ಅವನ ಮೊಮ್ಮಗಳು ಅಂಬವ್ವ, ಇಪ್ಪತ್ತು ವರ್ಷದವಳು, ಎರಡು ತಿಂಗಳಿಂದ ಅದೇ ಯಂತ್ರ ಹಿಡಿದಿದ್ದಳು.

“ಮುತ್ಯಾ, ಸ್ವಲ್ಪ ನೀರು ಕುಡಿ. ದೇವರ ಧ್ಯಾನ ಮಾಡು,” ಎಂದ ಗುಮಾಸ್ತ ಸಿದ್ರಾಮ.

“ನಾಕು ಚರಿಗಿ ಕುಡಿದೀನೋ ತಮ್ಮಾ. ಹೊಟ್ಟಿ ಕೆರಿ ಆಗ್ಯಾದ.”

ಅಂಬವ್ವ ಸಿಡಿದಳು. “ಅದರ ಬಾಯಾಗ ಮಣ್ಣ ಬೀಳಲಿ! ಮುತ್ಯಾಗ ಸಿಟ್ಟು ಅಂತ? ಆಕಳು ಒದ್ದರೂ ಆಕಳಿಗೇ ನೋವಾತೇನಂತ ಕೇಳಾಂವ ಇಂವ!”

ಮೌಸು ಕೆಟ್ಟಿದೆಯೆಂದು ಸಿದ್ರಾಮ ಬೆಳಗ್ಗೆಯೇ ಫೋನು ಮಾಡಿದ್ದ. ಶಾಂತಹಸ್ತವನ್ನು ಕಂಡುಹಿಡಿದ ವಿಜ್ಞಾನಿ ಸುನೀತಿ ಕೆರೂರ ಅಂದು ಜಿಲ್ಲಾ ಕಚೇರಿಗೆ ಬಂದಿದ್ದವರು, ತಾವೇ ಹೊರಟು ಬಂದಿದ್ದರು. ಅವರು ಮೌಸನ್ನು ಮಗುಚಿ, ಹೊಟ್ಟೆಯ ಬೆಳಕಿನ ಕಣ್ಣನ್ನು ಹತ್ತಿಯಿಂದ ಒರೆಸಿದರು. ಬ್ಯಾಟರಿ ಬದಲಿಸಿದರು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರು. ಹೊಸ ಮೌಸನ್ನೇ ತೆಗೆದಿಟ್ಟರು. ಹೊಸದೂ ಅದನ್ನೇ ಹೇಳಿತು.

“ಈ ಮೇಜಿನ ಕಲ್ಲು ಅತಿ ನುಣುಪು. ಮೌಸಿನ ಕಣ್ಣಿಗೆ ಜಾಡು ಸಿಗ್ತಾ ಇಲ್ಲ ಅನ್ಸುತ್ತೆ,” ಎಂದರು ಸುನೀತಿ.

“ಕಡದಾಂವ ನಾನೇ ರೀ ಅಕ್ಕಾರ. ನುಣುಪು ಮಾಡಿದ್ದು ತಪ್ಪಾತೇನು?” ಎಂದು ಹುಲಿಗೆಪ್ಪ ಹೆಗಲ ಟವೆಲ್ಲನ್ನು ಮಡಚಿ ಮೌಸಿನಡಿಗೆ ಹಾಸಿದ.

“ನಿಮ್ಮ ಕೈ ಕೋಪದಲ್ಲಿದೆ.”

ಸಿದ್ರಾಮ ಕೈಯಿಟ್ಟ, ಮೌಸು ನಡೆಯಿತು. ಸುನೀತಿ ಕೈಯಿಟ್ಟರು, ನಡೆಯಿತು.

“ಸಾಧನ ಸರಿಯಾಗಿದೆ,” ಎಂದರು ಅವರು, ತುಸು ಬಿರುಸಾಗಿ. “ಒಳಗೆಲ್ಲೋ ನಿಮಗೆ ಸಿಟ್ಟಿದೆ, ಯಜಮಾನರೇ. ಮನಸ್ಸು ಸುಳ್ಳು ಹೇಳಬಹುದು, ಕೈ ಹೇಳಲ್ಲ. ಈ ಗಣಿಯಿಂದ ಮೂರು ವರ್ಷದಲ್ಲಿ ಒಂದೂ ದೂರಿಲ್ಲ, ಗೊತ್ತಾ? ಅಷ್ಟು ಸಮಾಧಾನದ ಊರು ಇದು.”

ದೂರು ಕೊಡಲು ಬಂದು ಬರಿಗೈಯಲ್ಲಿ ಮರಳಿದವರ ಹೆಸರುಗಳು ಹುಲಿಗೆಪ್ಪನಿಗೆ ನೆನಪಿದ್ದವು. ಮಹಬೂಬಸಾಬ, ತಾಯಮ್ಮ, ಕುಂಟ ಭೀಮಶ್ಯಾ. ಮೌಸು ಕೋಪ ಎಂದಿತೆಂದು ನಾಚಿ ಮನೆಗೆ ಹೋದವರು, ಮತ್ತೆ ಬಂದಿರಲಿಲ್ಲ.

“ತಡಿ ಮುತ್ಯಾ, ಇದಕ್ಕೆ ನಾ ಕಚಗುಳಿ ಇಡ್ತೀನಿ,” ಎಂದು ಅಂಬವ್ವ ನಕ್ಕಳು. ಅಜ್ಜನ ಬಾಡಿದ ಮುಖ ನೋಡಲಾರದೆ ನಕ್ಕಳು. ನಗುನಗುತ್ತಲೇ ಮೌಸಿನ ಮೇಲೆ ಕೈಯಿಟ್ಟಳು.

“ನಿಮ್ಮ ಕೈ ಕೋಪದಲ್ಲಿದೆ. ಶಾಂತರಾಗಿ ಮತ್ತೆ ಬನ್ನಿ.”

ಅವಳ ನಗು ತುಟಿಯ ಮೇಲೆಯೇ ನಿಂತಿತು. ಹುಲಿಗೆಪ್ಪ ಅವಳ ಕೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ. ಬೆರಳತುದಿಗಳು ಬೆಳ್ಳಗಿದ್ದವು, ತನ್ನವುಗಳ ಹಾಗೆಯೇ ಸಣ್ಣಗೆ ನಡುಗುತ್ತಿದ್ದವು.

“ಯಾವಾಗಿಂದವ್ವಾ?”

“ಶಿವರಾತ್ರಿಯಿಂದ,” ಎಂದಳು ತಲೆ ತಗ್ಗಿಸಿ. “ನಿನಗ ಹೇಳಿದರ ಕೆಲಸ ಬಿಡಸ್ತಿ ಅಂತ ಹೇಳಲಿಲ್ಲ.”

ಹಾಸುಗಲ್ಲನ್ನು ಪದರ ಬಿಡಿಸುವವನು ಬೆಣೆಗೆ ಹೊಡೆಯುವ ಮುಂಚೆ ಒಂದು ಉಸಿರು ಹಿಡಿಯುತ್ತಾನೆ. ಆ ಒಂದು ಉಸಿರಿನಲ್ಲಿ ಕೈ ಅಲುಗಿದರೆ ಇಡೀ ಹಾಸು ಒಡೆದು ಚೂರಾಗುತ್ತದೆ. ಯಂತ್ರ ಬರುವ ಮುಂಚಿನ ಮೂವತ್ತು ವರ್ಷ ಹುಲಿಗೆಪ್ಪ ಹಾಗೆಯೇ ಕಲ್ಲು ಬಿಡಿಸಿದವನು. ಈಗ ಅವನೊಳಗೆ ಎದ್ದ ಸಿಟ್ಟಿಗೆ ಕೂಗಾಟವಿರಲಿಲ್ಲ. ಅದು ಎದೆಯಿಂದ ತೋಳಿಗೆ ತಣ್ಣಗೆ ಇಳಿಯಿತು. ಅವನು ಟವೆಲ್ಲನ್ನು ಕಿತ್ತೆಸೆದ, ಮೌಸನ್ನು ಬರಿಗಲ್ಲಿನ ಮೇಲಿಟ್ಟ, ಉಸಿರು ಹಿಡಿದ, ಗುಂಡಿ ಒತ್ತಿದ.

ಒಂದು. ಎರಡು. ಸಿದ್ರಾಮ ಎದ್ದು ನಿಂತ. ಏಳು. ಎಂಟು. ಆ ಕೈ ಕಲ್ಲಿನಲ್ಲೇ ಕಡೆದಂತಿತ್ತು.

“ದೂರು ದಾಖಲಾಗಿದೆ. ನಿಮ್ಮ ಶಾಂತಿಗೆ ಧನ್ಯವಾದಗಳು.”

ಸುನೀತಿ ನಿಟ್ಟುಸಿರು ಬಿಟ್ಟರು. “ನೋಡಿದ್ರಾ? ಸಿಟ್ಟು ಇಳೀತಿದ್ದ ಹಾಗೇ—”

“ಇಳಿದಿಲ್ರೀ ಅಕ್ಕಾರ,” ಎಂದ ಹುಲಿಗೆಪ್ಪ. “ಇಷ್ಟು ಸಿಟ್ಟು ನನಗ ಜನ್ಮದಾಗ ಬಂದಿರಲಿಲ್ಲ. ಈಗ ಬಂದದ. ನಿಮ್ಮ ಮ್ಯಾಗೂ ಬಂದದ.”

ಅವನು ಮೌಸಿನಿಂದ ಕೈ ತೆಗೆದ. ತೆಗೆದೊಡನೆ ಬೆರಳುಗಳು ಮತ್ತೆ ನಡುಗತೊಡಗಿದವು. ಸುನೀತಿ ಆ ಕೈಯನ್ನೂ ಅಂಬವ್ವನ ಬೆರಳುಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. ಆಮೇಲೆ ಮೌಸು ಮರಳಿ ಕಳಿಸಿದ ಕೈಗಳ ಪಟ್ಟಿ ತೆರೆಯಲು ಸಿದ್ರಾಮನಿಗೆ ಹೇಳಿದರು. ಮೂರು ವರ್ಷದಲ್ಲಿ ನಾನೂರ ಹನ್ನೆರಡು ಕೈಗಳಿದ್ದವು. ಹದಿನೈದು ಬಿಟ್ಟು ಉಳಿದವೆಲ್ಲ ಗಣಿಯವು. ಪ್ರತಿಯೊಂದರ ನಡುಕವೂ ದಿನಾಂಕ ಸಮೇತ ಅಳೆದಿಟ್ಟಿತ್ತು. ಯಾವ ಆಸ್ಪತ್ರೆಯಲ್ಲೂ ಇರದ ರೋಗದ ದಾಖಲೆ, ದೂರು ತಡೆಯಲು ಮಾಡಿದ ಸಾಧನದ ಹೊಟ್ಟೆಯಲ್ಲಿ ತೆಪ್ಪಗೆ ಕೂತಿತ್ತು. ಅದನ್ನು ಯಾರೂ ತೆರೆದು ನೋಡಿರಲಿಲ್ಲ. ಸುನೀತಿ ಅದಷ್ಟನ್ನೂ ಹುಲಿಗೆಪ್ಪನ ದೂರಿಗೆ ಜೋಡಿಸಿದಾಗ ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷವಿತ್ತು.

ಗುರುವಾರ ಕೊರೆಯಂತ್ರಕ್ಕೆ ಬೀಗ ಬಿತ್ತು. ಶುಕ್ರವಾರ ಸುನೀತಿ ಮನೆಮನೆ ತಿರುಗಿ ಕೈಗಳನ್ನು ನೋಡಿದರು. ಕೆಲವರು ಚಹಾ ಕೊಟ್ಟರು, ತಾಯಮ್ಮ ಬಾಗಿಲು ತೆರೆಯಲಿಲ್ಲ. ಶನಿವಾರ ಬೆಳಗ್ಗೆ ಕೇಂದ್ರಕ್ಕೆ ಬಂದು, ಒಮ್ಮೆ ತಮ್ಮದೇ ಅಂಗೈಯನ್ನು ಮೌಸಿನ ಮೇಲಿಟ್ಟರು.

“ನಿಮ್ಮ ಕೈ ಕೋಪದಲ್ಲಿದೆ,” ಎಂದಿತು ಅದು.

ಅವರು ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಹತ್ತೂವರೆಯ ಬಸ್ಸಿಗೆ ಹೊರಟುಹೋದರು.