ಕಂಕುಳಲ್ಲಿ ತಂಗಿ

ಕತ್ತಿನ ಮೇಲೆ ಚಾಕು. ಎಡಗಂಕುಳಲ್ಲಿ ನನ್ನ ತಂಗಿ.

ನಗಬೇಡಿ ಸ್ವಾಮಿ. ಇಡೀ ತಂಗಿಯಲ್ಲ... ಅವಳ ಮೂಳೆಯೊಳಗಿನ ಮಜ್ಜೆ. ಪಕ್ಕದಲ್ಲೇ ಅವಳ ಕ್ಯಾನ್ಸರ್ ಗೆಡ್ಡೆಯ ಚೂರು. ಎರಡೂ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಚಿಪ್‌ನಲ್ಲಿ ಜೀವಂತ. ಅದರ ಕೂದಲೆಳೆಯಂಥ ಕಾಲುವೆಗಳಲ್ಲಿ ಔಷಧಿ ಹರಿಸಿದರೆ, ಮೈಗೆ ಏನಾಗುತ್ತದೆಂದು ಮೊದಲೇ ಗೊತ್ತಾಗುತ್ತದೆ.

ಗೊತ್ತಾಗಿತ್ತು. ಹೊಸ ಔಷಧಿ ಗೆಡ್ಡೆಯ ತಂಟೆಗೇ ಹೋಗಲಿಲ್ಲ. ಮಜ್ಜೆಯನ್ನು ಮಾತ್ರ ನುಂಗಿ ನೀರು ಕುಡಿಯಿತು. ಲ್ಯಾಬ್ ಡೈರೆಕ್ಟರ್ ಆ ಚಿಪ್‌ಗಳನ್ನೆಲ್ಲ ಕಸಕ್ಕೆ ಹಾಕಿಸಿ, ಔಷಧಿ ಬಲು ಚೆನ್ನಾಗಿದೆ ಎಂದು ಆಸ್ಪತ್ರೆಗೆ ಹೇಳಿದ. ಔಷಧಿ ಕಂಪನಿ ಅವನ ಮಾವನದು. ಇವತ್ತು ಮಧ್ಯಾಹ್ನ ಅದೇ ಔಷಧಿ ನನ್ನ ತಂಗಿಯ ನರಕ್ಕೆ ಇಳಿಯಬೇಕಿತ್ತು.

ಉಳಿದದ್ದು ಒಂದೇ ಚಿಪ್, ಔಷಧಿ ಸೋಕದ್ದು. ಅದನ್ನು ಕದ್ದು ತಂದುಕೊಟ್ಟವರು ಲ್ಯಾಬಿನ ಮೇಡಂ.

"ಮೈ ಬಿಸಿಯಷ್ಟೇ ಬಿಸಿ ಇರ್ಬೇಕು. ತಣ್ಣಗಾದ್ರೆ ಸತ್ತೋಗುತ್ತೆ" ಎಂದಿದ್ದರು.

ಆಸ್ಪತ್ರೆಯ ಡಾಕ್ಟರ್ ಹೇಳಿದ್ದು ಇನ್ನೂ ಚಿಕ್ಕದು. "ಜೀವಂತ ತನ್ನಿ. ಇನ್ನೊಂದ್ಸಲ ಟೆಸ್ಟ್ ಆಗೋವರೆಗೂ ಡ್ರಿಪ್ ಹಾಕಲ್ಲ."

ಈಗ ಲ್ಯಾಬಿನ ಕಾರ್ ಪಾರ್ಕಿಂಗಿನಲ್ಲಿ ಚಾಕು ಹಿಡಿದಿದ್ದವನು ಡೈರೆಕ್ಟರನ ಬಂಟ, ಡ್ರಮ್ಮು. ಹೆಸರಿಗೆ ತಕ್ಕ ಹೊಟ್ಟೆ. ನನ್ನ ಬಲಗೈಯಲ್ಲಿದ್ದ ಐಸ್ ಡಬ್ಬಿಯನ್ನು ಕಿತ್ತುಕೊಂಡು ಪಕ್ಕದಲ್ಲೇ ನಿಂತಿದ್ದ ಸಾಹೇಬನಿಗೆ ಕೊಟ್ಟ. ಒಳಗೆ ಐಸು, ಐಸಿನ ಮೇಲೊಂದು ಖಾಲಿ ಚಿಪ್. ಅಂಗಾಂಗ ಎಂದರೆ ಐಸು ಎಂದು ಜಗತ್ತೆಲ್ಲ ನಂಬಿದೆ. ನಾನೂ ಹಾಗೇ ನಂಬಿದ ದಡ್ಡನಂತೆ ಕಾಣಬೇಕಿತ್ತು.

ಡೈರೆಕ್ಟರ್ ನಕ್ಕ. "ಲೋ ಪೆದ್ದ, ಐಸಲ್ಲಿಟ್ಟಿದೀಯಾ? ಆಗ್ಲೇ ಸತ್ತಿದೆ. ನನ್ನ ಕೆಲ್ಸಾನ ನೀನೇ ಮಾಡ್ಕೊಟ್ಟೆ."

"ನನ್ ತಂಗಿ ಸತ್ರೆ?"

"ಕಾಯಿಲೆಯಿಂದ ಸತ್ಲು ಅಂತಾರೆ. ಯಾರ್ ಕೇಳ್ತಾರೆ?"

ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಅವನನ್ನು ಅಲ್ಲೇ ಸಿಗಿದು ಹಾಕಬೇಕೆನಿಸಿತು. ಆದರೂ ಹಲ್ಲು ಕಚ್ಚಿ ತಲೆ ತಗ್ಗಿಸಿದೆ. ಡ್ರಮ್ಮು ಚಾಕು ಇಳಿಸಿದ. ಮೆಲ್ಲಗೆ ಹೊರಟೆ.

"ಏಯ್, ನಿಲ್ಲು. ಎಡಗೈ ಯಾಕೆ ಹಂಗೆ ಅಂಟಿಸ್ಕೊಂಡಿದೀಯ?"

"ಕುರು ಎದ್ದಿದೆ ಸಾರ್."

"ಎಲ್ಲಿ, ಎತ್ತು ನೋಡೋಣ."

ಎತ್ತಿದೆ... ಬಲಗೈ!

ಡೈರೆಕ್ಟರನ ದವಡೆ ಲಟಕ್ಕೆಂದಿತು. ಡ್ರಮ್ಮು ಬೀಸಿದ ಚಾಕು ನನ್ನ ಹೆಗಲು ಸೀಳಿತು. ಅವನ ಮೊಣಕಾಲಿಗೆ ಬೂಟುಗಾಲಲ್ಲಿ ಒದ್ದೆ. ಕುಸಿದ. ಓಡಿದೆ... ರ‍್ಯಾಂಪು, ಗೇಟು, ಹಾರ್ನು ಹೊಡೆಯುವ ಬಸ್ಸು, ಆಸ್ಪತ್ರೆಯ ಮೆಟ್ಟಿಲು. ರಕ್ತ ಮೊಣಕೈವರೆಗೆ ಇಳಿದಿತ್ತು. ಕಂಕುಳು ಮಾತ್ರ ಸಡಿಲಿಸಲಿಲ್ಲ.

ಅಲ್ಲಿ ಕಾಯುತ್ತಿದ್ದ ಮೇಡಂ ಚಿಪ್ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಅದರ ತಿರುಪನ್ನು ಆಚೀಚೆ ತಿರುಗಿಸಿದರು.

"ಬದುಕಿದೆ" ಎಂದರು, ಕಣ್ಣೊರೆಸಿಕೊಳ್ಳುತ್ತ.

ಡಾಕ್ಟರ್ ತಂಗಿಯ ಮಂಚದ ಬಳಿ ತೂಗುಹಾಕಿದ್ದ ಡ್ರಿಪ್ ಬಾಟಲಿಯನ್ನು ಇಳಿಸಿದರು. ತಂಗಿ ನನ್ನ ಕಡೆ ತಿರುಗಿ ಮೂಗು ಮುಚ್ಚಿಕೊಂಡಳು.

"ಅಣ್ಣಾ, ಎಂಥಾ ಬೆವರು ನಾತ ನಿಂದು."

"ಸುಮ್ನಿರೇ. ಇಷ್ಟೊತ್ತು ನೀನು ಅದ್ರೊಳಗೇ ಬೆಚ್ಚಗಿದ್ದೆ."

ಹೆಗಲಿಗೆ ಬಟ್ಟೆ ಕಟ್ಟುತ್ತಿದ್ದ ಮೇಡಂಗೆ ಏನೋ ನೆನಪಾಯಿತು. "ಐಸ್ ಡಬ್ಬಿ ಎಲ್ರೀ? ಅದು ಲ್ಯಾಬಿಂದು."

"ನಿಮ್ಮ ಡೈರೆಕ್ಟರ್ ಹತ್ರಾನೇ ಬಿಟ್ಟು ಬಂದೆ ಮೇಡಂ. ದವಡೆಗೆ ಬೇಕಾಗುತ್ತೆ."