ಬೆನ್ನು ಮಾಡಿ ನಿಂತವಳು

ಕೋಪನ್‌ಹೇಗನ್ನಿನ ಮ್ಯೂಸಿಯಮ್ಮಿನಿಂದ ಬಂದ ಮೇಲ್ ಅನ್ನು ದಿವ್ಯ ಬಸ್ಸಿನಲ್ಲೇ ಮೂರು ಸಲ ಓದಿದಳು. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೊದಲಾದ ನಾರ್ಡಿಕ್ ದೇಶಗಳ ಚಿತ್ರಕಲೆಯ ಚರಿತ್ರೆಯನ್ನು ಹನ್ನೆರಡು ಭಾಷೆಗಳಲ್ಲಿ ಲೋಕಕ್ಕೆಲ್ಲ ಕೇಳಿಸುವ ಯೋಜನೆ ಅವರದು. ಅದರಲ್ಲಿ ಕನ್ನಡದ ದನಿ ಇವಳದು. ಒಂಬತ್ತು ಚಿತ್ರಗಳು ಮುಗಿದಿದ್ದವು. ಹತ್ತನೆಯದು, ಕೊನೆಯದು, ವಾಪಸ್ ಬಂದಿತ್ತು. ‘ಮಾಹಿತಿ ಸರಿಯಿದೆ. ಆದರೆ ಕೇಳಿದವರಿಗೆ ಚಿತ್ರ ಕಾಣಿಸುತ್ತಿಲ್ಲ. ಸಂಜೆಯೊಳಗೆ ಮತ್ತೆ ಕಳಿಸಿ.’

ಬೇಸರವಾಗಬೇಕಿತ್ತು. ಆದರೆ ಬಸ್ಸು ಅವಳ ಊರು ಟಿ. ನರಸೀಪುರ ಬಿಡುವಾಗಲೇ ತುಟಿಯಂಚಿನಲ್ಲಿ ನಗು ಮೂಡಿತ್ತು. ಮುಗಿದೇ ಹೋಯಿತೆಂದುಕೊಂಡಿದ್ದ ನಂಜನಗೂಡಿನ ಶನಿವಾರ ಇನ್ನೊಂದು ಸಿಕ್ಕಿತ್ತು.

ಶನಿವಾರಗಳಂದು ಅವಳು ದನಿ ಕೊಡುತ್ತಿದ್ದ ರುದ್ರೇಶನ ರೆಕಾರ್ಡಿಂಗ್ ಸ್ಟುಡಿಯೋ ಅಲ್ಲಿನ ರೈಲು ಹಳಿಯ ಪಕ್ಕದ ಮಹಡಿಯಲ್ಲಿ. ಮದುವೆ ವಿಡಿಯೋ, ಭಜನೆ, ಎಲೆಕ್ಷನ್ ಪ್ರಚಾರ ಅವನ ಕೆಲಸ. ಮೊದಲ ದಿನ ಅವಳ ಸ್ಕ್ರಿಪ್ಟ್ ನೋಡಿ, “ಮೇಡಂ, ಈ ನಾರ್ಡಿಕ್ ಅನ್ನೋದು ಯಾವ ಕಂಪ್ನಿ ಔಷ್ದಿ?” ಎಂದು ಕೇಳಿದ್ದ. ಎಂಟು ತಿಂಗಳಾದ ಮೇಲೆ, ಡೆನ್ಮಾರ್ಕಿನ ಬೆಳಕಿಗೂ ನಾರ್ವೆಯ ಬೆಳಕಿಗೂ ಏನು ವ್ಯತ್ಯಾಸವೆಂದು ಕೆಳಗಿನ ಟೀ ಅಂಗಡಿಯ ಬೆಟ್ಟಸ್ವಾಮಿಗೆ ಅವನೇ ಪಾಠ ಹೇಳುತ್ತಿದ್ದ.

ಮನಸ್ಸಿನಲ್ಲಿದ್ದದ್ದನ್ನು ಮಾತ್ರ ಇಬ್ಬರೂ ಹೇಳಿಕೊಂಡಿರಲಿಲ್ಲ. ಹೆಡ್‌ಫೋನ್ ಕೊಡುವಾಗ ಬೆರಳು ತಾಗಿದರೆ ಅವನು ವೈರು ಸರಿಮಾಡುತ್ತಿದ್ದ, ಅವಳು ಹಾಳೆ ಎಣಿಸುತ್ತಿದ್ದಳು.

ಮೇಲ್ ಓದಿ ಅವನು, “ಸರಿಯಾಗೇ ಅಂದವ್ರೆ,” ಎಂದ.

“ನೀವೂ ಅವ್ರ ಕಡೇನಾ?”

“ನೀವು ಪೇಪರಲ್ಲಿ ಬರ್ದಿರೋದನ್ನ ಓದ್ತೀರ ಮೇಡಂ. ಅದನ್ನ ಮಡಚಿಡಿ. ನಾನು ಆ ಚಿತ್ರ ನೋಡೇ ಇಲ್ಲ ಅನ್ಕೊಂಡು ನಂಗೆ ಹೇಳಿ.”

ಸದ್ದಾಗದಿರಲೆಂದು ಅವನು ಫ್ಯಾನ್ ಆರಿಸಿದ. ಚಾಮರಾಜನಗರದ ರೈಲು ದಾಟಿಹೋಗುವವರೆಗೆ ಇಬ್ಬರೂ ಕಾದರು. ಗಾಜಿನಾಚೆ ಅವನು ಕೈಯೆತ್ತಿದ.

“ಡೆನ್ಮಾರ್ಕಿನ ಒಂದು ಮನೆಯ ಖಾಲಿ ಕೋಣೆ,” ದಿವ್ಯ ಶುರುಮಾಡಿದಳು. “ಒಬ್ಬಳು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ಚಳಿಗಾಲದ ಬೆಳಕು, ಅಕ್ಕಿ ತೊಳೆದ ನೀರಿನ ಬಣ್ಣದ್ದು, ಅವಳ ಕತ್ತಿನ ಮೇಲೆ ಬಿದ್ದಿದೆ. ಇವಳು ಯಾಕೆ ತಿರುಗೋದಿಲ್ಲ? ಹಿಂದೆ ಯಾರು ನಿಂತಿದ್ದಾರೆ ಅಂತ ಅವಳಿಗೆ ಗೊತ್ತು. ತಿರುಗಿದರೆ ಮನಸ್ಸಿನಲ್ಲಿರೋದೆಲ್ಲ ಮುಖದಲ್ಲಿ ಕಂಡುಬಿಡುತ್ತೆ. ಅವರ ಮನೆಯಲ್ಲಿ ಲಿಂಗಪೂಜೆ, ಇವಳ ಮನೆಯಲ್ಲಿ ಬುದ್ಧವಂದನೆ...”

ತಾನೇನು ಹೇಳಿದೆನೆಂದು ಹೊಳೆದು ಅವಳ ದನಿ ಉಡುಗಿತು.

ರುದ್ರೇಶ ಎದ್ದು ಬಂದು ಬಾಗಿಲಲ್ಲಿ ನಿಂತ. “ಡೆನ್ಮಾರ್ಕಲ್ಲೂ ಲಿಂಗಪೂಜೆ ಮಾಡ್ತಾರಾ?” ದನಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

“ಅದನ್ನ ಅಳಿಸಿಬಿಡಿ.”

“ಮ್ಯೂಸಿಯಮ್ಮಿಗೆ ಕತ್ತರಿಸಿ ಕಳಿಸ್ತೀನಿ. ಕತ್ತರಿಸಿದ್ದು ನನ್ನ ಹತ್ರ ಇರ್ಲಿ.” ಅವನು ತಡೆದು ಹೇಳಿದ, “ಎಂಟು ತಿಂಗ್ಳಿಂದ ನಿಮ್ಮ ಉಸಿರು ಎಲ್ಲೆಲ್ಲಿ ನಿಲ್ಲುತ್ತೆ ಅಂತ ನೋಡ್ಕೊಂಡೇ ಎಡಿಟ್ ಮಾಡಿದೀನಿ, ದಿವ್ಯ. ಯಾಕೆ ನಿಲ್ಲುತ್ತೆ ಅಂತ ಇವತ್ತು ಗೊತ್ತಾಯ್ತು.”

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು.

“ನಿಮ್ಮಪ್ಪ ಒಪ್ತಾರಾ?”

“ಇಲ್ಲ. ಹೋದ್ ತಿಂಗ್ಳೇ ಕೇಳ್ದೆ. ಹಂಗಾದ್ರೆ ಮನೆಗೆ ಬರ್ಬೇಡ ಅಂದ್ರು.”

ಸ್ಪೀಕರಿನ ಹಿಂದೆ ಸುತ್ತಿಟ್ಟ ಚಾಪೆ, ಮೊಳೆಗೆ ನೇತುಹಾಕಿದ ಎರಡು ಶರ್ಟು ಅವಳ ಕಣ್ಣಿಗೆ ಬಿದ್ದದ್ದು ಆಗಲೇ.

“ನನ್ನನ್ನ ಕೇಳದೇನೇ ಅವ್ರನ್ನ ಕೇಳಿದ್ರಾ?”

“ಅವ್ರು ಬೇಡ ಅಂದ್ರೆ ನಾನು ಹೆದರ್ಕೊಂಡು ಬಿಟ್ಬಿಡ್ತೀನಾ ಅಂತ ಮೊದ್ಲು ನಂಗೆ ಗೊತ್ತಾಗ್ಬೇಕಿತ್ತು. ಬಿಡಕ್ಕಾಗ್ಲಿಲ್ಲ ಕಣ್ರೀ.”

ನಾಲ್ಕು ಗಂಟೆಗೆ ಫೈಲು ಕೋಪನ್‌ಹೇಗನ್ನಿಗೆ ಹೋಯಿತು. ಬಸ್ ಸ್ಟ್ಯಾಂಡಿನವರೆಗೆ ಬಂದವನು ಅವಳ ಹಿಂದೆಯೇ ಬಸ್ಸು ಹತ್ತಿದ.

“ನೀವೆಲ್ಲಿಗೆ?”

“ನಿಮ್ಮವ್ವನ ಹತ್ರ. ಅವರ ಬೈಗುಳಾನೂ ತಿಂದು ಬತ್ತೀನಿ.”

“ಅವ್ವ ಬೈಯೋದಿಲ್ಲ. ಮೊದ್ಲು ಹೊಟ್ಟೆ ತುಂಬ ಉಣ್ಣಿಸ್ತಾಳೆ, ಆಮೇಲೆ ಒಂದೊಂದೇ ಪ್ರಶ್ನೆ ಕೇಳ್ತಾಳೆ. ಅದು ಇನ್ನೂ ಕಷ್ಟ.”

ಅವನು ನಕ್ಕ. ಸೀಟಿನ ಮೇಲಿದ್ದ ಅವನ ಕೈಯ ಮೇಲೆ ದಿವ್ಯ ತನ್ನ ಕೈಯಿಟ್ಟಳು. ಈ ಸಲ ಇಬ್ಬರೂ ಬೇರೆ ಕಡೆ ನೋಡಲಿಲ್ಲ.

ಕಂಡಕ್ಟರ್ ಬಂದ. “ಎಲ್ಲಿಗೆ ಸಾ? ಇಬ್ರೂ ಒಟ್ಟಿಗಾ?”

“ನರಸೀಪುರ,” ಎಂದಳು ದಿವ್ಯ. “ಒಟ್ಟಿಗೆ.”